ನಲವತ್ತರಷ್ಟು ತಪ್ಪು

ಮಾರ್ಚ್ 14, ಗುರುವಾರ

ರೇಡಿಯೊದ ಮುಳ್ಳು ಇಷ್ಟು ವರ್ಷ ಸುಳ್ಳು ಹೇಳಿದೆ. ಇವತ್ತು ಸಂಜೆ ಗೊತ್ತಾಯಿತು.

ಕೈಗೆ ಕೆಲಸ ಬೇಕೆಂದು ರೇಡಿಯೊ ಪರೀಕ್ಷಿಸುತ್ತ ಕೂತಿದ್ದೆ. ಸಮಯ ಸಾರುವ ಶಾರ್ಟ್‌ವೇವ್ ಸ್ಟೇಷನ್ ಹತ್ತು ಸಾವಿರ ಕಿಲೋಹರ್ಟ್ಸ್ ಬಿಟ್ಟು ಕದಲುವುದಿಲ್ಲ. ಅದರ ಟಿಕ್ ಟಿಕ್ ನನ್ನ ರೇಡಿಯೊದಲ್ಲಿ ಕೇಳಿದ್ದು ಹತ್ತು ಸಾವಿರದ ನಲವತ್ತರಲ್ಲಿ. ಮೂವತ್ತು ವರ್ಷ ಊರಿನವರ ತಕ್ಕಡಿ ತಪಾಸಣೆ ಮಾಡಿದ ಇನ್‌ಸ್ಪೆಕ್ಟರ್ ನಾನು. ದೀಪದ ಬುಡ ಕತ್ತಲೆ.

ರೇಡಿಯೊದಲ್ಲಿ ವಾರ್ತೆ ಓದುವ ಕೆಲಸಕ್ಕೆ ಸೇರಿದಾಗ ಮಗಳು ತನ್ನ ಸ್ಟೇಷನ್ ಸಿಗುವ ಜಾಗವನ್ನು ಚೀಟಿಯಲ್ಲಿ 9610 ಎಂದು ಬರೆದುಕೊಟ್ಟಿದ್ದಳು. ಪ್ರತಿ ವಾರ ಫೋನಿನಲ್ಲಿ ಅದೇ ಪ್ರಶ್ನೆ.

"ಅಪ್ಪಾ, ನಾನ್ ಓದಿದ್ದು ಕೇಳಿದ್ಯಾ?"

"ನೀನ್ ಬರ್ದಿರೋ ಕಡೆ ಬರೀ ಗೊರಗೊರ ಕಣೇ."

"ಸ್ವಲ್ಪ ಆಚೆ ಈಚೆ ತಿರುಗ್ಸಪ್ಪಾ, ಸಿಗತ್ತೆ."

"ಅಳತೆ ಅಂದ್ಮೇಲೆ ಅಳತೆ. ಆಚೆ ಈಚೆ ಅನ್ನೋದು ಕಳ್ಳತೂಕದವರ ಮಾತು."

ಬರುಬರುತ್ತಾ ಅವಳು ಕೇಳುವುದನ್ನೇ ಬಿಟ್ಟಳು. ನಾನು ಮುಳ್ಳನ್ನು ಕೂದಲೆಳೆಯಷ್ಟೂ ಸರಿಸಲಿಲ್ಲ.

ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಇಂದಿಗೆ ಎರಡು ತಿಂಗಳು.

ಏಳು ಗಂಟೆಗೆ, ಅವಳ ಚೀಟಿಯ ಅಂಕಿಗೆ ನಲವತ್ತು ಕೂಡಿಸಿ, ಮುಳ್ಳನ್ನು 9650ಕ್ಕೆ ತಂದೆ. ಎದುರಿಗೆ ಕೂತು ಮಾತಾಡಿದ ಹಾಗೆ ವಾರ್ತೆ ಬಂತು. ಅವಳ ಜಾಗದಲ್ಲಿ ಬೇರೆ ಹುಡುಗಿ. ಪಾಪ, ಚೆನ್ನಾಗಿಯೇ ಓದುತ್ತಾಳೆ. ಮುಗಿಸುವಾಗ, "ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆಗಳು" ಎಂದಳು. ಓದುವವರೆಲ್ಲ ಹೀಗೆಯೇ ಮುಗಿಸಬೇಕೇನೋ. ಹಾಗಾದರೆ ನನ್ನ ಮಗಳೂ ಆರು ವರ್ಷ, ದಿನಾ ಸಂಜೆ, ಇದನ್ನೇ ಹೇಳಿರಬೇಕು. ಹೇಳುವಾಗ ನನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದಳೋ, ಇಲ್ಲ ಅಪ್ಪ ಎಲ್ಲಿ ಕೇಳುತ್ತಾನೆ ಎಂದು…