ಸದ್ದಿನ ಪಾಲು

ಫೆಬ್ರುವರಿ ೧೭

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಮೇಜಿನ ಮೇಲೆ ಕೂತು ಕೂತು, ಅದರ ಮೇಲೆ ಟೀ ಲೋಟದ ಗುರುತು ಬಿದ್ದಿದೆ. ಉತ್ತರ ತಡವಾಯಿತು. ಕ್ಷಮಿಸು ಅನ್ನುವುದಕ್ಕಿಂತ ಬೈದುಬಿಡು ಅನ್ನುತ್ತೇನೆ. ನಮ್ಮ ಮನೆಯಲ್ಲಿ ಬೈಗುಳ ಬೇಗ ತೀರುತ್ತದೆ, ಕ್ಷಮೆ ಬಾಕಿ ಉಳಿಯುತ್ತದೆ. ಇಬ್ಬರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿನ್ನ ಅಮ್ಮ ಕ್ಷೇಮ. ನಾನು ಜಗಳದಲ್ಲಿದ್ದೇನೆ. ಅಂದರೆ ನಾನೂ ಕ್ಷೇಮ.

ಮೊಬೈಲಿನಲ್ಲಿ ನಾಲ್ಕು ಸಾಲು ಕುಟ್ಟಿ ಕಳಿಸಬಹುದಿತ್ತಲ್ಲ ಎನ್ನುತ್ತೀ. ಅದರಲ್ಲಿ ನನ್ನ ಸಿಟ್ಟು ಹಿಡಿಸುವುದಿಲ್ಲ. ಪರದೆಯಲ್ಲಿ ಮುಖ ನೋಡಿಕೊಂಡು ನಿನ್ನ ಕೈಭಾಷೆಯಲ್ಲೇ ಮಾತಾಡೋಣವೆಂದರೆ, ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸು ನುಂಗಿದ ಎರಡು ಬೆರಳಿನಿಂದಾಗಿ ನನ್ನ ಕೈ ತೊದಲುತ್ತದೆ. ಹೋದ ಸಲ ಊಟ ಆಯಿತೇ ಎಂದು ಕೇಳಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕೆ. ‘ಕುದುರೆ ಕೊಂಡ್ಕೊಂಡ್ಯಾ ಅಂತ ಕೇಳಿದ್ರಿ ನೀವು’ ಎಂದು ನಿನ್ನ ಅಮ್ಮ ಆಮೇಲೆ ಹೇಳಿದಳು. ಹಾಗಾಗಿ ಕಾಗದವೇ ಸರಿ.

ವಿಷಯ ಡಬ್ಬಿಗಳದ್ದು. ನಿನಗೆ ಗೊತ್ತಿರುವುದೇ. ಹಿಂದಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಜೋಡಿಸಿಟ್ಟ ತಗಡಿನ ಡಬ್ಬಿಗಳು. ಮುಚ್ಚಳ ಸರಿಯಾಗಿ ಕೂರದ್ದನ್ನು ಕಾರ್ಖಾನೆ ಗುಜರಿಗೆ ಎಸೆಯುತ್ತಿತ್ತು. ನಾನು ಹೆಕ್ಕಿ ತಂದು, ಕಾರ್ಖಾನೆಯ ಡಬ್ಬಿಯೊಳಗೆ ಕಾರ್ಖಾನೆಯ ವಿರುದ್ಧವೇ ಕೂಗಿದ ಕೂಗನ್ನು ಟೇಪಿಗೆ ಹಿಡಿದು ತುಂಬಿಸಿದೆ. ಗೇಟ್ ಸಭೆಗಳು. ನಮ್ಮ ಕಾರ್ಮಿಕ ಸಂಘದ ಹಾಡುಗಾರ ಗಂಟಲಣ್ಣನ ಹಾಡುಗಳು. ಲಾರಿಗೆ ಮೂಟೆ ಏರಿಸುವವರು ಏದುಸಿರಿನ ನಡುವೆ ಹೇಳಿಕೊಳ್ಳುತ್ತಿದ್ದ ಪದಗಳು. ಕ್ಯಾಂಟೀನಿನ ಹೆಂಗಸರು ಪಾತ್ರೆ ಉಜ್ಜುತ್ತ ಮೇಲ್ವಿಚಾರಕನ ನಡಿಗೆಯ ಮೇಲೆ ಕಟ್ಟಿದ ಪೋಲಿ ಹಾಡು. ಅದನ್ನು ಕೇಳಿದರೆ ಈಗಲೂ ನಿನ್ನ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದರಲ್ಲಿ ಅರ್ಧ ಪದ ಅವಳೇ ಕಟ್ಟಿದ್ದು.

ಈ ಡಬ್ಬಿಗಳೊಳಗೆ ಬೂಷ್ಟು ಕೂತಿದೆ. ನನ್ನ ಕಿವಿಯೊಳಗೂ ಏನೋ ಕೂತಿದೆ. ನಿನಗೆ ಹೇಳಿರಲಿಲ್ಲ. ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ನಾನು ಸುಮ್ಮನೆ ಕೂತಿದ್ದೆ, ಇನ್ನೂ ಶುರುವಾಗಿಲ್ಲವೆಂದು. ಅಷ್ಟರಲ್ಲಿ ಅದು ಮುಗಿದೂ ಹೋಗಿತ್ತು. ತೆಳ್ಳಗಿನ ಸದ್ದು, ಮೇಲಿನ ಸದ್ದು ಮೊದಲು ಹೋಗುತ್ತದಂತೆ. ಹಕ್ಕಿ, ಸಿಳ್ಳು, ಕುಕ್ಕರಿನ ಸೀಟಿ. ದಪ್ಪ ದನಿಗಳು ಕೊನೆಗೆ. ಎಲ್ಲಿ ಕೆಲಸ ಮಾಡ್ತಿದ್ರಿ ಎಂದು ಕೇಳಿದರು. ಡಬ್ಬಿ ಕಾರ್ಖಾನೆ, ಪ್ರೆಸ್ ವಿಭಾಗ ಎಂದೆ. ‘ಓ’ ಎಂದರು. ಅಷ್ಟೇ. ಆ ‘ಓ’ ಮಾತ್ರ ಚೆನ್ನಾಗಿ ಕೇಳಿಸಿತು. ಕಿವಿಗೆ ಮುಚ್ಚಳ ಕೊಡಿ ಎಂದು ನಾವು ಬೇಡಿಕೆ ಇಟ್ಟಾಗ ಮಾಲೀಕರು ಹತ್ತಿಯ ಉಂಡೆ ಕೊಟ್ಟಿದ್ದರು. ತಗಡಿನ ಮೇಲೆ ಗುಡುಗು ಬೀಳುವಾಗ ಹತ್ತಿ!

ಹಾಗಾಗಿ ಕೇಳುವಷ್ಟು ಕಿವಿ ಇರುವಾಗಲೇ ಇದಕ್ಕೊಂದು ದಾರಿ ಮಾಡಬೇಕೆಂದು ಹೊರಟೆ. ಸಂಘದ ಕಚೇರಿಗೆ ಹೋದೆ. ಅಲ್ಲಿ ಈಗ ಕನ್ನಡಿ ಹಚ್ಚಿ ಭಾರ ಎತ್ತಿಸುತ್ತಾರೆ, ಜಿಮ್ಮು. ನಾವು ಭಾಷಣ ಮಾಡುತ್ತಿದ್ದ ಜಾಗದಲ್ಲಿ ಒಬ್ಬ ತನ್ನ ತೋಳಿಗೆ ತಾನೇ ಮುತ್ತು ಕೊಟ್ಟುಕೊಳ್ಳುತ್ತಿದ್ದ. ಗಂಟಲಣ್ಣನ ಮನೆಗೆ ಹೋದೆ. ತನ್ನ ಹಾಡುಗಳನ್ನಷ್ಟೇ ಬೇರೆ ಮಾಡಿ ಕೊಡು, ಉಳಿದವರದು ಯಾರಿಗೆ ಬೇಕು ಎಂದ. ಜೀವಮಾನವಿಡೀ ‘ನಾವು, ನಾವು’ ಎಂದು ಹಾಡಿದ ಗಂಟಲು, ಹಂಚುವಾಗ ‘ನಾನು’ ಎಂದಿತು. ಬೇಜಾರಾಯಿತು. ಚಹಾ ಕುಡಿಯದೆ ಎದ್ದು ಬಂದೆ.

ಆಗ ಬಂದವನೇ ಇಸ್ತ್ರಿ. ಅದು ನಿನ್ನ ಅಮ್ಮ ಇಟ್ಟ ಹೆಸರು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಾತಿನಲ್ಲೂ ಇಲ್ಲ. ಕಾರ್ಖಾನೆ ಮುಚ್ಚಿತಲ್ಲ, ಆ ಜಾಗದಲ್ಲಿ ಮಾಲೀಕರ ಮೊಮ್ಮಕ್ಕಳು ಟ್ರಸ್ಟು ಮಾಡಿ ಧ್ವನಿ ಭಂಡಾರ ಕಟ್ಟಿಸಿದ್ದಾರಂತೆ, ಇವನು ಅಲ್ಲಿನ ನೌಕರ. ಅದೂ ನಮ್ಮ ಪ್ರೆಸ್ ವಿಭಾಗದ ಶೆಡ್ಡಿನಲ್ಲೇ. ಸದ್ದು ಆಚೆ ಹೋಗದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆಸಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದ. ಯಂತ್ರ ಇದ್ದಾಗ ಯಾಕೆ ಹೊಡೆಸಲಿಲ್ಲ ಎಂದು ಕೇಳಿದೆ. ಅದು ಅವನ ಕಾಲದ್ದಲ್ಲವಂತೆ. ನಿಜ. ಇವರ ಕಾಲದ್ದು ಯಾವುದೂ ಅಲ್ಲ. ಆಸ್ತಿ ಮಾತ್ರ ಇವರ ಕಾಲದ್ದು.

ಆದರೂ, ಮಗಳೇ, ನಾನು ಮೆತ್ತಗಾದೆ. ಅವರ ಹತ್ತಿರ ಬೂಷ್ಟು ತೆಗೆಯುವ ಯಂತ್ರವಿದೆ, ತಂಪು ಕೋಣೆಯಿದೆ. ನನ್ನ ಹತ್ತಿರ ಏನಿದೆ? ಗೇಟ್ ಸಭೆಯ ಒಂದು ಟೇಪು ಕೊಟ್ಟು ಕಳಿಸಿದೆ, ಮಾದರಿಗೆ. ನಿದ್ದೆ ಬರಲಿಲ್ಲ. ಡಬ್ಬಿಗಳ ಸಾಲಿನಲ್ಲಿ ಒಂದು ಖಾಲಿ ಜಾಗ, ಹಲ್ಲು ಕಿತ್ತ ಬಾಯಿಯ ಹಾಗೆ. ಎದ್ದೆದ್ದು ಹೋಗಿ ಕೈಯಾಡಿಸಿದೆ. ‘ಟೇಪು ಸಾಹೇಬ್ರೇ, ಮಗಳನ್ನ ಹಾಸ್ಟೆಲ್ಲಿಗೆ ಬಿಟ್ಟು ಬಂದಾಗ್ಲೂ ಇಷ್ಟು ಒದ್ದಾಡ್ಲಿಲ್ಲ ನೀವು’ ಎಂದಳು ನಿನ್ನ ಅಮ್ಮ. ಒದ್ದಾಡಿದ್ದೆ. ಆಗ ಅವಳು ನಿದ್ದೆಯಲ್ಲಿದ್ದಳು.

ಅಷ್ಟರಲ್ಲಿ ನಿನ್ನ ಕಾಗದ ಬಂತು. ‘ಅಪ್ಪ, ಊರನ್ನೆಲ್ಲ ಕೇಳಿದೆ, ನನ್ನನ್ನು ಕೇಳಲಿಲ್ಲ’ ಎಂದು ಒಂದೇ ಏಟಿಗೆ ಶುರು ಮಾಡಿದ್ದೀ. ನೀನು ಪಾಠ ಹೇಳುವ ಶಾಲೆಯ ಮಹಡಿಯ ಮೇಲೆ ಒಣ ಕೋಣೆಯಿದೆ, ದೊಡ್ಡ ಮೇಡಂ ಒಪ್ಪಿದ್ದಾರೆ, ಎಲ್ಲವನ್ನೂ ಅಲ್ಲಿಗೆ ತಾ ಎಂದಿದ್ದೀ. ಓದಿ ಕಾಗದ ಮಡಚಿಟ್ಟೆ. ಕಿವಿ ಕೇಳದ ಮಕ್ಕಳ ಶಾಲೆಗೆ ಹಾಡಿನ ಡಬ್ಬಿ! ಗಂಟಲಣ್ಣನಿಗೆ ಹೇಳಿದರೆ ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ ಎಂದು ನಕ್ಕ. ನಾನೂ ಹೂಂಗುಟ್ಟಿದೆ. ತಡವಾದದ್ದು ಅದಕ್ಕೇ.

ಮೊನ್ನೆ ಇಸ್ತ್ರಿ ಮಾದರಿ ತಂದ. ನಮ್ಮ ಮೇಜಿನ ಮೇಲೆ ಪುಟ್ಟ ಸ್ಪೀಕರು ಇಟ್ಟು ಹಾಕಿದ. ಮಧ್ಯಾಹ್ನದ ಪಾಳಿ ಬಿಟ್ಟಾಗಿನ ಸಭೆ ಅದು. ಒಳಗೆ ಇನ್ನೊಂದು ಪಾಳಿ ನಡೆಯುತ್ತಿತ್ತು, ಪ್ರೆಸ್ಸುಗಳು ಬಡಿಯುತ್ತಿದ್ದವು. ಆ ಬಡಿತದ ಮೇಲೆ ನಮ್ಮ ಕೂಗು ಏರಬೇಕಿತ್ತು. ಇವನು ಬಡಿತವನ್ನೇ ತೆಗೆದುಹಾಕಿದ್ದ! ಕೆಮ್ಮು ಇಲ್ಲ, ಗಾಳಿ ಇಲ್ಲ, ಯಂತ್ರ ಇಲ್ಲ. ‘ಕ್ಲೀನ್ ಆಗಿದೆ ಅಲ್ವಾ ಸರ್?’ ಎಂದ. ತೊಳೆದಿಟ್ಟ ಹೆಣದಷ್ಟು ಕ್ಲೀನಾಗಿತ್ತು. ಗಂಟಲಣ್ಣ ಯಾರೂ ಇಲ್ಲದ ಕೋಣೆಯಲ್ಲಿ ನಿಂತು ಹುಚ್ಚನ ಹಾಗೆ ಕಿರುಚುತ್ತಿದ್ದ. ಯಾಕೆ ಕಿರುಚುತ್ತಾನೆ? ಗೊತ್ತಿಲ್ಲ. ಯಾವುದರ ಮೇಲೆ ಕಿರುಚುತ್ತಾನೆ? ಅದನ್ನು ಒರೆಸಿಯಾಗಿದೆ.

ನಾನು ಹೇಳಿದೆ: ‘ನೋಡಪ್ಪಾ, ಆ ಸದ್ದು ಕಸ ಅಲ್ಲ. ಅದು ಆರೋಪಿ. ಆರೋಪಿನ ಬಿಟ್ಟು ಕಳಿಸಿ, ಫಿರ್ಯಾದಿನ ಒಬ್ಬನ್ನೇ ಕಟಕಟೇಲಿ ನಿಲ್ಲಿಸಿದ್ದೀಯ.’

ಅವನು ಪಾಪ ಗಾಬರಿಯಾದ. ಕೆಟ್ಟವನಲ್ಲ. ಕೇಳುವವರಿಗೆ ಹಿತವಾಗಲಿ ಎಂದು ಮಾಡಿದ್ದಂತೆ. ಹಿತ! ನಮಗೆ ಯಾವ ಪಾಳಿಯಲ್ಲಿ ಹಿತವಿತ್ತು ಎಂದು ನಾನು ಇನ್ನೂ ಏರುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಿನ್ನ ಅಮ್ಮ ಮೆಲ್ಲಗೆ ಕೇಳಿದಳು:

‘ನಮ್ ಹುಡುಗಿ ಎಲ್ಲಿ ಹೋದ್ಲು?’

ಆ ಟೇಪಿನ ಕೊನೆಯಲ್ಲಿ ನೀನಿದ್ದೀ, ಮಗಳೇ. ನಿನ್ನ ಅಮ್ಮನ ಸೊಂಟದ ಮೇಲೆ ಕೂತು ಬಂದಿದ್ದೆ. ಜ್ವರ ಬಂದು ನಿನ್ನ ಕಿವಿ ಹೋಗುವುದಕ್ಕೆ ಮುಂಚಿನ ಬೇಸಿಗೆ. ಎಲ್ಲರ ಕೂಗೂ ಅಡಗಿದ ಮೇಲೆ ನೀನೊಬ್ಬಳೇ ಒಂದು ಮಾತು ಕೂಗಿದೆ, ಇಡೀ ಗೇಟು ನಕ್ಕಿತು. ನೀನು ಕಿವಿಯಿಂದ ಕೇಳಿ ಬಾಯಿಂದ ಕೊಟ್ಟ ಉತ್ತರ ನಮ್ಮ ಇಡೀ ಸಂಗ್ರಹದಲ್ಲಿ ಅದೊಂದೇ. ಅದನ್ನೂ ಗದ್ದಲವೆಂದು ಕತ್ತರಿಸಿದ್ದ. ನಗು ಮಾತ್ರ ಉಳಿದಿತ್ತು. ಯಾಕೆ ನಕ್ಕರೆಂದೇ ತಿಳಿಯದ ನಗು.

ಪ್ರೆಸ್ ವಿಭಾಗ ಬಿಟ್ಟ ಮೇಲೆ ಅಷ್ಟು ಜೋರಾಗಿ ನಾನು ಕೂಗಿರಲಿಲ್ಲ. ಪಕ್ಕದ ಮನೆಯವರು ಬಂದು ಇಣುಕಿದರು. ಒಂದು ಕೆಮ್ಮನ್ನೂ ತೆಗೆಯಬಾರದು, ಬೀಗ ಹಾಕಬಾರದು, ಗೋಡೆಯ ಮೇಲೆ ಮಾಲೀಕರ ಹೆಸರು ಕೆತ್ತಬಾರದು, ಇದಕ್ಕೆ ಒಪ್ಪಿದರೆ ಬನ್ನಿ ಎಂದೆ. ಟ್ರಸ್ಟಿನ ನೀತಿ ಒಪ್ಪುವುದಿಲ್ಲ ಎಂದ. ‘ಹಾಗಾದ್ರೆ ನಮ್ಮ ಟೇಪು ನಮಗೆ ಕೊಡಿ’ ಎಂದು ನಿನ್ನ ಅಮ್ಮ ಕೈ ಚಾಚಿದಳು. ತನ್ನ ಚೀಲದಿಂದ ತೆಗೆದು ಕೊಟ್ಟ. ಹೋಗುವಾಗ ಹೊಸಿಲಲ್ಲಿ ನಿಂತು, ತನ್ನ ಅಜ್ಜನೂ ಡಬ್ಬಿ ಕಾರ್ಖಾನೆಯಲ್ಲೇ ಇದ್ದ, ಬಣ್ಣದ ವಿಭಾಗದಲ್ಲಿ ಎಂದ. ನಿನ್ನಜ್ಜನ ಕೆಮ್ಮೂ ಇದರಲ್ಲಿ ಇದ್ದಿರಬೇಕು, ನೀನು ತೆಗೆದುಬಿಟ್ಟೆ ಎಂದೆ. ಅವನು ಚೀಲ ಹೆಗಲಿಗೇರಿಸಿ ಹೋದ. ಆಮೇಲೆ, ಅಷ್ಟು ಅನ್ನಬಾರದಿತ್ತು ಎನ್ನಿಸಿತು. ಅಂದದ್ದೇ ಸರಿ ಎಂದೂ ಎನ್ನಿಸಿತು. ಹೀಗೆ ಕುಂತಲ್ಲಿ ಕೂರಲಾಗದೆ ಇದ್ದೇನೆ.

ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದ್ದು ಆಗಲೇ. ಕೇಳುವ ಕಿವಿ ಬೇಕಾದರೆ ಮಕ್ಕಳನ್ನು ಕರೆದೊಯ್ಯಲು ಬಂದು ಪಡಸಾಲೆಯಲ್ಲಿ ಕಾಯುವ ತಾಯಂದಿರಿಗಿದೆ, ಆಟೋ ಓಡಿಸುವ ಅಪ್ಪಂದಿರಿಗಿದೆ ಎಂದು ಬರೆದಿದ್ದೀ. ‘ಅವರು ಕೇಳಲಿ. ನನಗೂ ನನ್ನ ಮಕ್ಕಳಿಗೂ ಅದರಲ್ಲಿ ಏನಿದೆಯೋ ಬರೆದುಕೊಡು. ಹಾಡು, ಬೈಗುಳ, ಕೆಮ್ಮು, ಎಲ್ಲ. ನಾವು ಕೈಯಲ್ಲಿ ಹಾಡುತ್ತೇವೆ.’ ಹೋದ ವರ್ಷ ನೀವೆಲ್ಲ ಶಿಕ್ಷಣ ಕಚೇರಿಯ ಮುಂದೆ ಕೂತು ಕೈಯಲ್ಲೇ ಘೋಷಣೆ ಕೂಗಿದಾಗ, ಗಲಾಟೆ ಮಾಡಬೇಡಿ ಎನ್ನಲು ಬಂದ ಪೊಲೀಸರಿಗೆ ಹೇಳಲು ಮಾತೇ ಇರಲಿಲ್ಲವಂತೆ. ಅದನ್ನು ನೆನೆಸಿಕೊಂಡು ಒಬ್ಬನೇ ನಕ್ಕೆ. ಚಿಕ್ಕಂದಿನಲ್ಲಿ ನೀನು ನಮ್ಮ ಹಳೆಯ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತು, ಸದ್ದಿಗೆ ತಕ್ಕಂತೆ ಟೇಪ್ ರೆಕಾರ್ಡರಿನ ಮುಳ್ಳು ಕುಣಿಯುವುದನ್ನೇ ನೋಡುತ್ತಿದ್ದೆ. ಮುಳ್ಳು ಜಿಗಿದರೆ ನೀನೂ ಜಿಗಿಯುತ್ತಿದ್ದೆ. ನಮ್ಮ ಸಂಗ್ರಹವನ್ನು ನಿನ್ನಷ್ಟು ಮನಸ್ಸಿಟ್ಟು ಕೇಳಿದವರು ಬೇರೆ ಯಾರಿದ್ದಾರೆ?

ತೀರ್ಮಾನವಾಯಿತು. ಡಬ್ಬಿಗಳು ನಿನ್ನ ಶಾಲೆಗೆ ಬರುತ್ತವೆ. ಎಲ್ಲವೂ, ಬೂಷ್ಟು ಸಮೇತ. ಬೂಷ್ಟು ಒರೆಸುವುದನ್ನು ನಾನೇ ಬಂದು ಹೇಳಿಕೊಡುತ್ತೇನೆ. ಒಂದೊಂದೇ ಟೇಪು ಕೇಳಿ ಬರೆಯುವ ಕೆಲಸ ನಿನ್ನೆಯಿಂದ ಶುರುವಾಗಿದೆ. ನಾನು ಬರೆಯುತ್ತೇನೆ, ನಿನ್ನ ಅಮ್ಮ ಪಕ್ಕದಲ್ಲಿ ಕೂತು ತಿದ್ದುತ್ತಾಳೆ. ಪೋಲಿ ಹಾಡನ್ನು ಮಕ್ಕಳಿಗೆ ಕಲಿಸಬೇಡ ಎನ್ನುತ್ತಾಳೆ. ಆದರೆ ಒಂದು ಪದ ಬಿಟ್ಟು ಬರೆದರೂ ಬಿಡುವುದಿಲ್ಲ. ಗಂಟಲಣ್ಣನಿಗೆ ಹೇಳಿ ಕಳಿಸಿದ್ದೇನೆ: ಕನ್ನಡಿಯನ್ನು ಕಣ್ಣಿದ್ದವರೇ ಒಡೆಯಲು ಬಂದಿದ್ದರು, ಇನ್ನು ಯಾರ ಕೈಗೆ ಕೊಟ್ಟರೇನು ಎಂದು. ಬೇಕಾದರೆ ಶಾಲೆಗೆ ಬಂದು ಹಾಡು ಎಂದೂ ಹೇಳಿದ್ದೇನೆ. ಮಕ್ಕಳು ನಿನ್ನ ಗಂಟಲನ್ನು ಮುಟ್ಟಿ ನೋಡುತ್ತಾರೆ, ಆಗ ನಿನ್ನ ಅಹಂಕಾರ ಇಳಿಯುತ್ತದೆ ಎಂದು.

ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟನ್ನು ಕಾಪಾಡಿಕೋ, ಅದು ನಾನು ನಿನಗೆ ಕೊಟ್ಟ ಒಂದೇ ಒಡವೆ. ನಿನ್ನ ಕೈಗಳು ದಣಿಯದಿರಲಿ. ಅವುಗಳ ಮುಂದೆ ಯಾರ ಬಾಯಿಯೂ ದೊಡ್ಡದಾಗದಿರಲಿ.

ನಿನ್ನ ಜಗಳಗಂಟ,
ಅಪ್ಪ

ಮ. ಬಿ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಇಸ್ತ್ರಿ ತಂದ ಮಾದರಿಯಲ್ಲಿ ನೀನಿಲ್ಲ ಎಂದು ನನಗೆ ಗೊತ್ತೇ ಆಗಿರಲಿಲ್ಲ. ನಿನ್ನ ಅಮ್ಮ ಹೇಳಿದ ಮೇಲೆಯೇ ನಾನು ಕೂಗಾಡಿದ್ದು. ಅವನು ಹೋದ ಮೇಲೆ ಮೂಲ ಟೇಪನ್ನು ಹಾಕಿದೆ. ಪ್ರೆಸ್ಸು ಬಡಿಯಿತು. ಗಂಟಲಣ್ಣ ಕೇಳಿದ, ‘ನಾಳೆ ಒಳಗೆ ಹೋಗ್ದೆ ಇಲ್ಲೇ ಕೂರೋರು ಯಾರು?’ ಎಲ್ಲರೂ ‘ನಾವು’ ಎಂದರು. ಕೂಗು ಅಡಗಿತು. ಆಮೇಲೆ ಏನೂ ಇಲ್ಲ. ನಂತರ ನಗು. ಮತ್ತೆ ಹಾಕಿದೆ. ಮತ್ತೆ ಏನೂ ಇಲ್ಲ, ಮತ್ತೆ ನಗು. ಅವನ ಕತ್ತರಿ ಮಾಡಿದ್ದನ್ನು ನನ್ನ ಕಿವಿ ಮೊದಲೇ ಮಾಡಿ ಮುಗಿಸಿತ್ತು. ತೆಳ್ಳಗಿನ ದನಿಗಳು ಮೊದಲು ಹೋಗುತ್ತವೆ ಎಂದು ಡಾಕ್ಟರು ಹೇಳುವಾಗ ಹಕ್ಕಿ ಎಂದರೇ ಹೊರತು ಮಕ್ಕಳು ಎನ್ನಲಿಲ್ಲ.

ಮೂರನೆಯ ಸಲ ನಾನು ಕೇಳುವುದನ್ನು ಬಿಟ್ಟು ನೋಡಿದೆ, ನಿನ್ನ ಹಾಗೆ. ಕೂಗು ಅಡಗಿದ ಮೇಲೆ ಮುಳ್ಳು ಒಮ್ಮೆ ಸಣ್ಣಗೆ ಜಿಗಿಯಿತು. ನೀನು ಅಲ್ಲೇ ಇದ್ದೀ. ಸರಿಯಾಗಿ ಅದೇ ಗಳಿಗೆಗೆ ಎದುರಿಗೆ ಕೂತಿದ್ದ ನಿನ್ನ ಅಮ್ಮ, ನೀನು ಅವಳಿಗೆ ಕಲಿಸಿದ ಭಾಷೆಯಲ್ಲಿ, ಅಂಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

‘ನಾನೂ.’