ಉಸಿರು ಹಿಡಿದ ಕೈ

ಫೆಬ್ರವರಿ 11. ಬೆಳಿಗ್ಗೆ 6.30

ಮತ್ತೆ ಅದೇ. ಗೋಡೆಗೊರಗಿ ಕೂತೆ. ಎಡಗೈಯಿಂದ ಬಲಗೈ ಎತ್ತಿ ಮೇಜಿನ ಮೇಲಿಟ್ಟೆ. ಎದೆ ತುಂಬ ಉಸಿರೆಳೆದೆ. ಹಿಡಿದೆ. 'ಮಡಚು' ಅಂದುಕೊಂಡೆ. ಏನೂ ಇಲ್ಲ. ಬಿಟ್ಟೆ. ಮತ್ತೆ ಎಳೆದೆ.

ವ್ಯಾಯಾಮ ಮಾಡುವಾಗ ಮಾತಾಡಕೂಡದು ಅಂತ ಫಿಸಿಯೋ ಮೇಡಂ ಅವರ ಕಟ್ಟಪ್ಪಣೆ. ಇಷ್ಟು ವರ್ಷ ಕುರ್ಚಿಯಲ್ಲಿ ಕೂತವರಿಗೆ ಊರ ಸುದ್ದಿಯೆಲ್ಲ ಹೇಳುತ್ತಲೇ ಗಡ್ಡ ತೆಗೆದವನು ನಾನು. ಬಾಯಿಗೆ ಬೀಗ ಹಾಕಿದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ಈ ಡೈರಿ.

ಬೆರಳಿಗೇನೂ ಆಗಿಲ್ಲ. ಕೈಯನ್ನು ಎತ್ತಿ ಹಾಳೆಯ ಮೇಲಿಟ್ಟರೆ ಬರೆಯುತ್ತದೆ. ತೊಡೆಯ ಮೇಲಿಟ್ಟರೆ ಕತ್ತರಿ ಆಡಿಸುತ್ತದೆ. ಮೊಣಕೈ ಮಾತ್ರ ಮಡಚದು. ಗಿರಾಕಿಗಳೆಲ್ಲ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ನಾಳೆಯಿಂದಲೇ ಕಟಿಂಗ್ ಶುರು!

ಫೆಬ್ರವರಿ 20

ಇವತ್ತು ಮೇಡಂ ಚಿತ್ರ ಬರೆದು ತೋರಿಸಿದರು. ಸ್ಕೂಟರ್‌ನಿಂದ ಬಿದ್ದಾಗ ಕುತ್ತಿಗೆ ಒಂದು ಕಡೆ, ಭುಜ ಒಂದು ಕಡೆ ಎಳೆದು, ಮೊಣಕೈ ಮಡಚಿಸುವ ನರ ಬುಡಸಮೇತ ಕಿತ್ತುಬಂದಿದೆ. ಅದನ್ನು ತಿರುಗಿ ನೆಡಲಾಗದು. ಹಾಗಾಗಿ ಸರ್ಜನ್ ಏನು ಮಾಡಿದ್ದಾರೆ... ಪಕ್ಕೆಲುಬುಗಳ ನಡುವೆ ಉಸಿರಾಟಕ್ಕೆಂದು ಇರುವ ನರಗಳಲ್ಲಿ ಕೆಲವನ್ನು ಬಿಡಿಸಿ ತಂದು ತೋಳಿಗೆ ಕೂಡಿಸಿದ್ದಾರೆ. ಉಸಿರಿನ ನರ, ಕೈಗೆ! ಭುಜಕ್ಕೆ ಬೇರೆ ನರ ಕೂಡಿಸಿದ್ದು, ಅದು ಆಗಲೇ ಸ್ವಲ್ಪ ಸ್ವಲ್ಪ ಏಳುತ್ತಿದೆ. ಮೊಣಕೈಯದ್ದೇ ತಡ.

"ಆ ನರ ಈಗ ತೋಳೊಳಗೆ ಬೆಳೀತಾ ಇದೆ. ದಿನಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಕೊಳ್ಳಿ," ಅಂದರು.

"ಗಡ್ಡಕ್ಕಿಂತ ಜೋರು!" ಅಂದೆ.

ಮೇಡಂ ನಕ್ಕರು. ನಾನು ತಮಾಷೆಗೆ ಅಂದದ್ದಲ್ಲ. ಗಡ್ಡದ ಬೆಳೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಕ್ಕೆ ಅರ್ಧ ಮಿಲಿಮೀಟರೂ ಬೆಳೆಯದು. ಮನೆಗೆ ಬಂದು ತೋಳನ್ನೇ ನೋಡುತ್ತ ಕೂತೆ. ಮೇಲೆ ಏನೂ ಕಾಣುವುದಿಲ್ಲ. ಒಳಗೆ ಯಾರೋ ಕತ್ತಲಲ್ಲಿ ನಡೆದು ಬರುತ್ತಿದ್ದಾರೆ, ನನ್ನನ್ನು ಕೇಳದೆ, ನನಗಾಗಿ.

ಮಾರ್ಚ್ 2, ಭಾನುವಾರ

ಅಪ್ಪನ ಗಡ್ಡ ಕುತ್ತಿಗೆ ಮುಚ್ಚಿದೆ. ನಮಗೆಲ್ಲ ಕೆಲಸ ಕಲಿಸಿದ ಕೈ ಈಗ ನಡುಗುತ್ತದೆ, ತಾವೇ ಮಾಡಿಕೊಳ್ಳಲಾರರು. ಭಾನುವಾರ ಭಾನುವಾರ ನಾನೇ ಮಾಡುತ್ತಿದ್ದೆ. ನಾನು ಬಿದ್ದ ದಿನದಿಂದ ಅಪ್ಪ ಯಾರಿಗೂ ಮುಖ ಕೊಟ್ಟಿಲ್ಲ. ಅಂಗಡಿ ಈಗ ತಮ್ಮನ ಕೈಯಲ್ಲಿದೆ. ಇವತ್ತು ಬ್ರಷ್ ಹಿಡಿದು ಹತ್ತಿರ ಹೋದ.

"ದೊಡ್ಡೋನು ಮಾಡ್ತಾನೆ, ಬಿಡು."

"ಅಣ್ಣನ ಕೈ ಯಾವಾಗ ಬರುತ್ತೋ ಏನೋ ಅಪ್ಪಾ..."

"ಗಡ್ಡ ನಂದು. ನಿಂಗ್ಯಾಕೋ ಅವಸರ?"

ಅದೂ ಅಂಗಡಿ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂರುವುದು! ಕಟಿಂಗ್ ಶಾಪಿನ ಮುಂದೆ ಅಂಥಾ ಗಡ್ಡ. ಬಂದ ಗಿರಾಕಿ ಒಳಗೆ ಹೋಗುವುದೋ ಬೇಡವೋ ಅಂತ ನಿಂತು ಯೋಚಿಸುತ್ತಾನೆ. ನನ್ನ ತಮ್ಮ ತಲೆ ಚಚ್ಚಿಕೊಂಡ. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಜೂನ್ 7. ಬೆಳಿಗ್ಗೆ, ಗಂಟೆ ನೋಡಿಲ್ಲ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಎಳೆ, ಹಿಡಿ, ಬಿಡು. ಏನೂ ಇಲ್ಲ. ಎಳೆ, ಹಿಡಿ, ಬಿಡು.

ಇವತ್ತು ಎದ್ದು ಹಾಸಿಗೆಯಲ್ಲೇ ಕೂತು ಆಕಳಿಸಿದೆ. ಬಾಯಿ ಇನ್ನೂ ಮುಚ್ಚಿಲ್ಲ, ಹೆಂಡತಿ ಚೀರಿದಳು.

"ರೀ! ತೋಳು! ತೋಳು ನೋಡಿ!"

"ಏನೇ? ಹುಳ ಏನಾದ್ರೂ ಹತ್ತಿದ್ಯಾ?"

"ಹುಳ ಅಲ್ಲ ರೀ, ಒಳಗೆ! ಇನ್ನೊಂದ್ಸಲ ಆಕಳಿಸಿ."

ಬಾ ಅಂದರೆ ಬರುತ್ತದೆಯೇ ಆಕಳಿಕೆ? ಉಸಿರೆಳೆದೆ. ಅವಳ ಅಂಗೈ ತೋಳಿನ ಮೇಲೆ. ಚರ್ಮದ ಅಡಿ ಏನೋ ಮಿಸುಕಿತು. ಉಸಿರು ಬಿಟ್ಟೆ, ಅಡಗಿತು. ಎಳೆದೆ, ಮಿಸುಕಿತು.

ಮಗಳು ಹೊಟ್ಟೆಯಲ್ಲಿದ್ದಾಗ ಇವಳು ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡು, ಮಾತಾಡಬೇಡಿ ಅಂತ ಸನ್ನೆ ಮಾಡಿದ್ದಳು. ಇವತ್ತು ಅವಳ ಕೈ ನನ್ನ ಮೇಲೆ. ಇಬ್ಬರೂ ಹಾಗೇ ಕೂತಿದ್ದೆವು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಯಾರೂ ಏಳಲಿಲ್ಲ.

ಸೆಪ್ಟೆಂಬರ್ 16

ಪೌಡರ್ ಸವರಿದ ಹಲಗೆಯ ಮೇಲೆ ಕೈ ಜಾರಿಸುವ ವ್ಯಾಯಾಮ. ಕೈಯ ಭಾರ ಹಲಗೆ ಹೊತ್ತರೆ ತೋಳಿಗೆ ಹಗುರ. ನಮ್ಮ ಅಂಗಡಿಯದ್ದೇ ಪೌಡರ್, ಅದೇ ವಾಸನೆ. ಉಸಿರೆಳೆದೆ. ಬಲಗೈ ಹಲಗೆಯ ಮೇಲೆ ಅರ್ಧ ವೃತ್ತ ಬಿಡಿಸುತ್ತ ಎದೆಯ ಕಡೆ ಬಂತು. ತಾನಾಗಿ! ಹೋದವನು ಮನೆಗೆ ವಾಪಸ್ಸು ಬಂದ ಹಾಗೆ ಬಂತು. ಮೇಡಂ ಚಪ್ಪಾಳೆ ತಟ್ಟಿದರು. ಪಕ್ಕದ ಮಂಚದಲ್ಲಿ ಮೊಣಕಾಲು ಮುರಿದ ಮುದುಕರೊಬ್ಬರೂ ತಟ್ಟಿದರು, ಏನಾಯಿತೆಂದು ಗೊತ್ತಿಲ್ಲದೆ.

ಜನವರಿ 3

ಹೊಸ ವರ್ಷಕ್ಕೆ ಹೊಸ ಡೈರಿ ಬೇಡ. ಇದರಲ್ಲೇ ಖಾಲಿ ಹಾಳೆ ಬೇಕಾದಷ್ಟಿವೆ.

ಕೈ ಈಗ ಹಲಗೆಯಿಲ್ಲದೆಯೂ ಮೇಲೇಳುತ್ತದೆ. ಬಾಯಿಯವರೆಗೆ. ಆದರೆ ಉಸಿರು ಹಿಡಿದಿರುವಷ್ಟು ಹೊತ್ತು ಮಾತ್ರ. ಬಾಯಿ ತೆರೆದು ಒಂದು ಮಾತು ಅಂದರೆ ಸಾಕು, ಕೆಳಗೆ ಬೀಳುತ್ತದೆ. ಬೆಳಿಗ್ಗೆ ಬಿಸ್ಕತ್ತು ಎತ್ತಿದೆ. "ಅರೇ, ಬಂತು ನೋಡೇ" ಅಂದೆ. ಬಿಸ್ಕತ್ತು ಟೀ ಒಳಗೆ, ಟೀ ಅಂಗಿಯ ಮೇಲೆ.

ಹೆಂಡತಿಗೆ ಖುಷಿಯೋ ಖುಷಿ. "ಮದ್ವೆ ಆಗಿ ಇಷ್ಟು ವರ್ಷಕ್ಕೆ ನಿಮ್ಮ ಬಾಯಿಗೂ ಒಂದು ಸ್ವಿಚ್ ಸಿಕ್ತಲ್ಲ ರೀ! ಡಾಕ್ಟ್ರಿಗೆ ಕೈ ಮುಗೀಬೇಕು."

ಜನವರಿ 19. ಅಂಗಡಿಯಿಂದ ಬಂದ ಮೇಲೆ

ಬಲೂನ್ ಪಾಠ. ನಮ್ಮ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಕೊಡುವುದು ಬಲೂನು. ಊದಿ, ನೊರೆ ಹಚ್ಚಿ, ರೇಜರ್‌ನಿಂದ ನೊರೆ ಮಾತ್ರ ತೆಗೆಯಬೇಕು. ಒಡೆದರೆ ಇನ್ನೊಂದು. ಚಿಕ್ಕಂದಿನಲ್ಲಿ ಅಪ್ಪ ನನ್ನ ಕೈಯಲ್ಲಿ ಎಷ್ಟು ಒಡೆಸಿದ್ದರೋ. ಈಗ ಮತ್ತೆ ಅಲ್ಲಿಂದಲೇ. ಮೇಡಂಗೆ ಹೇಳಿದರೆ, ಇದಕ್ಕಿಂತ ಒಳ್ಳೇ ವ್ಯಾಯಾಮ ನನಗೂ ಹೊಳೆದಿರಲಿಲ್ಲ ಅಂದರು.

ಉಸಿರೆಳೆದೆ. ಹಿಡಿದೆ. ರೇಜರ್ ಇಳಿಯಿತು. ನೊರೆ ಬಂತು, ಬಲೂನು ಉಳಿಯಿತು. ಇನ್ನೊಂದು ಗೆರೆ. ಅಪ್ಪ ಬಾಗಿಲಿಂದ ನೋಡುತ್ತಿದ್ದರು. ಗಡ್ಡದೊಳಗೆ ನಕ್ಕರು ಅನ್ನಿಸಿತು.

ಅಷ್ಟರಲ್ಲಿ ಸೀನು.

ಸೀನಿಗೆ ಎದೆ ಹಿಗ್ಗಿತು. ಎದೆ ಹಿಗ್ಗಿದ ಹಾಗೇ ಮೊಣಕೈ ಜಗ್ಗಿತು. ಢಬ್! ನೊರೆ ಕನ್ನಡಿಗೂ, ತಮ್ಮನ ಮೂತಿಗೂ. ಅವನು ನಕ್ಕ. ಗಿರಾಕಿಗಳು ನಕ್ಕರು. ನಾನು ರೇಜರ್ ಮುಚ್ಚಿಟ್ಟೆ.

ಬಲೂನಿನ ಜಾಗದಲ್ಲಿ ಕುತ್ತಿಗೆ ಇದ್ದಿದ್ದರೆ?

ಜನವರಿ 24

ಕೇಳಿಯೇಬಿಟ್ಟೆ.

"ಮೇಡಂ, ನಿಜ ಹೇಳಿ. ಸೀನಿದ್ರೆ ಹಾರೋ ಕೈ, ಮಾತಾಡಿದ್ರೆ ಬೀಳೋ ಕೈ. ಇದನ್ನ ಇಟ್ಕೊಂಡು ನಾನು ಇನ್ನೊಬ್ಬರ ಕುತ್ತಿಗೆ ಮೇಲೆ ರೇಜರ್ ಇಡ್ಬಹುದಾ?"

"ಈಗ ಇಡಬಾರದು."

"ಮುಂದೆ?"

ಮೇಡಂ ನನ್ನ ತೋಳಿನ ಮೇಲೆ ಬೆರಳಿಟ್ಟರು. "ನಿಮ್ಮ ಮೆದುಳು ಇನ್ನೂ ಅದನ್ನ ಉಸಿರಿನ ನರ ಅಂತಲೇ ತಿಳ್ಕೊಂಡಿದೆ. ಇದು ಕೈ ನರ ಅಂತ ಅದಕ್ಕೆ ಗೊತ್ತಾಗ್ಬೇಕು. ಸುಮಾರು ಜನಕ್ಕೆ ಗೊತ್ತಾಗುತ್ತೆ. ಕೆಲವರಿಗೆ ಉಸಿರಿನ ಜೊತೆಗೇ ಉಳ್ಕೊಂಡುಬಿಡುತ್ತೆ."

"ಹೆಂಗೆ ಕಲ್ಸೋದು ಅದಕ್ಕೆ?"

"ಮಾತಾಡ್ತಾ ಮಾಡಿ. ಇನ್ಮೇಲೆ ಬಾಯಿ ಮುಚ್ಕೊಂಡು ವ್ಯಾಯಾಮ ಮಾಡಬಾರದು ನೀವು."

ಒಂದು ವರ್ಷ ಬಾಯಿ ಮುಚ್ಚು ಅಂದವರೇ! ಇನ್ನು ಬಾಯಿ ಬಿಡಬೇಕಂತೆ. ಹೇಳಿಸಿಕೊಂಡು ಮಾತಾಡಬೇಕಾದ ಕಾಲ ನನಗೂ ಬಂತು.

ಮೇ 5

ಹೆಂಡತಿಯ ಹತ್ತಿರ ಕಾಳುಮೆಣಸಿನ ಪುಡಿ ಕೇಳಿ ತೆಗೆದುಕೊಂಡೆ. ಬಲಗೈಯಲ್ಲಿ ಬಾಚಣಿಗೆ ಎತ್ತಿ ಹಿಡಿದು, ಪುಡಿ ಮೂಸಿದೆ. ಮನೆ ನಡುಗುವ ಹಾಗೆ ಸೀನಿದೆ. ಬಾಚಣಿಗೆ ಸ್ವಲ್ಪ ಅದುರಿತು, ಅಷ್ಟೇ. ಮತ್ತೆ ಮೂಸಿದೆ. ಮತ್ತೆ. ಕಣ್ಣು ಮೂಗೆಲ್ಲ ಸುರಿಯುತ್ತಿದೆ, ನಾನು ನಗುತ್ತಿದ್ದೇನೆ. "ಹುಚ್ಚು ಹಿಡೀತಾ ನಿಮಗೆ?" ಅಂತ ಬಂದವಳು ಕೈ ನೋಡಿ ಅಲ್ಲೇ ನಿಂತಳು.

ಮಾತಿನದ್ದೇ ಇನ್ನೂ ಆಗಿಲ್ಲ. ಮಾತಾಡುತ್ತ ಕೈ ಎತ್ತುತ್ತೇನೆ, ಬೀಳುತ್ತದೋ ಅಂತ ನೋಡುತ್ತೇನೆ, ನೋಡಿದ ತಕ್ಷಣ ಬೀಳುತ್ತದೆ. "ನೀವು ಅದರ ಮೇಲೆ ಕಾವಲು ಕೂತಿದ್ದೀರಿ," ಅಂದರು ಮೇಡಂ. ಏಳುವುದು ಹೇಗೆ ಕಾವಲಿನಿಂದ? ಅಪ್ಪನ ಕುತ್ತಿಗೆ ಕಣ್ಣ ಮುಂದೆಯೇ ಇರುತ್ತದೆ.

ಅಪ್ಪನ ಗಡ್ಡ ಈಗ ಎದೆ ದಾಟಿದೆ. ಬೀದಿಯ ಮಕ್ಕಳು ಸನ್ಯಾಸಿ ತಾತ ಅನ್ನುತ್ತವೆ. ಆಶೀರ್ವಾದವನ್ನೂ ಮಾಡಲು ಶುರು ಮಾಡಿದ್ದಾರೆ ಮಹಾರಾಯರು.

ಜುಲೈ 12, ಭಾನುವಾರ. ಮಧ್ಯಾಹ್ನ

ಕೈಯಲ್ಲಿ ಇನ್ನೂ ಸೋಪಿನ ವಾಸನೆ. ನಡೆದದ್ದು ನಡೆದ ಹಾಗೆ ಬರೆದುಬಿಡಬೇಕು.

ಬೆಳಿಗ್ಗೆ ಹೋದಾಗ ಅಪ್ಪ ಬಾಗಿಲಲ್ಲಿ ಇರಲಿಲ್ಲ. ಒಳಗೆ, ನನ್ನ ಕುರ್ಚಿಯಲ್ಲಿ. ಬಿಳಿ ಬಟ್ಟೆ ತಾವೇ ಹೊದ್ದು, ಗಂಟು ಹಾಕಲಾಗದೆ ತುದಿ ಹಿಡಿದುಕೊಂಡು ಕೂತಿದ್ದರು.

"ಶುರು ಮಾಡೋ ದೊಡ್ಡೋನೆ."

"ಅಪ್ಪಾ, ಇನ್ನೂ ಸ್ವಲ್ಪ ದಿನ..."

"ಸೀನು ಬಂದ್ರೆ ಏನ್ಮಾಡು ಅಂದಿದ್ದಾರೆ ನಿಮ್ಮ ಮೇಡಂ?"

"ಕೈ ದೂರ ತೆಗೀಬೇಕು ಅಂದಿದ್ದಾರೆ."

"ತೆಗೀತೀಯಲ್ಲ? ಮತ್ತಿನ್ನೇನು!"

ತಮ್ಮ ಬಂದು ಗಂಟು ಹಾಕಿದ. ಕತ್ತರಿಯಲ್ಲಿ ಉದ್ದದ್ದೆಲ್ಲ ಇಳಿಸಿದೆ. ನೊರೆ ಹಚ್ಚಿದೆ. ರೇಜರ್‌ಗೆ ಹೊಸ ಬ್ಲೇಡ್. ಉಸಿರೆಳೆದೆ, ಹಿಡಿದೆ, ಕಿವಿಯ ಕೆಳಗಿಂದ ಒಂದು ಗೆರೆ. ಕೈ ತೆಗೆದೆ. ಬಿಟ್ಟೆ. ಮತ್ತೆ ಎಳೆದೆ. ಎರಡೂ ಕೆನ್ನೆ ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಮಾತಿಲ್ಲ, ಕತೆಯಿಲ್ಲ. ಗಂಟಲ ಹತ್ತಿರ ಬಂದಾಗ ಅಪ್ಪ ಬಾಯಿ ತೆಗೆದರು.

"ಇಲ್ಲಿ ಮೇಲಿಂದ ಕೆಳಕ್ಕೆ ಹೋಗು."

ಮೈ ಉರಿಯಿತು. ಇದು ನಮ್ಮ ಹಳೇ ಜಗಳ. ಅಪ್ಪನ ಗಂಟಲ ಎಡಗಡೆ, ಗಡ್ಡದಲ್ಲಿ ಒಂದು ಸುಳಿ ಇದೆ. ಅಲ್ಲಿ ಅಡ್ಡ ಹೋಗದಿದ್ದರೆ ಕೂದಲು ನಿಲ್ಲುತ್ತದೆ. ಕೆಲಸ ಕಲಿಸಿದವರು ತಾವಾದ್ದರಿಂದ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ.

"ಸುಳಿ ಇದೆ ಅಪ್ಪ ಅಲ್ಲಿ. ಅಡ್ಡ ಹೋಗ್ಬೇಕು."

"ನನ್ನ ಗಂಟಲು ನಂಗೊತ್ತಿಲ್ವೇನೋ?"

"ನಿಮ್ಮ ಗಂಟಲು ನಿಮಗೆಲ್ಲಿ ಕಾಣುತ್ತೆ? ಇಷ್ಟು ವರ್ಷ ನೋಡಿರೋನು ನಾನು!"

ಶುರುವಾಯಿತು. ಗದ್ದದಲ್ಲಿ ಎರಡು ಸುಳಿ ಇದ್ದ ಪೋಸ್ಟ್‌ಮ್ಯಾನ್ ಕತೆ ಬಂತು. ಅವಸರದಲ್ಲಿ ತಮ್ಮ ಯಾರದೋ ಅರ್ಧ ಮೀಸೆ ತೆಗೆದದ್ದು ಬಂತು. ಅಡ್ಡ ಹೋದೆ ಅಂತ ಗಿರಾಕಿಗಳ ಮುಂದೆ ಅಪ್ಪ ನನ್ನ ಕಿವಿ ಹಿಂಡಿದ್ದು, ಆಮೇಲೆ ಆ ಗಿರಾಕಿಯೇ ನನ್ನನ್ನು ಕೇಳಿಕೊಂಡು ಬರತೊಡಗಿದ್ದು... ಹೇಳುತ್ತಲೇ ಇದ್ದೆ. ಕನ್ನಡಿಯಲ್ಲಿ ತಮ್ಮ ಕಂಡ. ಎತ್ತಿದ ಕತ್ತರಿ ಎತ್ತಿದ ಹಾಗೇ ಇದೆ. ಅವನ ಗಿರಾಕಿಯೂ ಕತ್ತು ತಿರುಗಿಸಿ ನೋಡುತ್ತಿದ್ದಾನೆ. ಅಂಗಡಿಯಲ್ಲಿ ಕೇಳುತ್ತಿದ್ದದ್ದು ಒಂದೇ ದನಿ. ನನ್ನದು.

ಕೈ ನೋಡಿದೆ. ಸುಳಿಯ ಮೇಲೆ ಅಡ್ಡ ಹೋಗುತ್ತಿತ್ತು, ತನ್ನ ಪಾಡಿಗೆ.

ಬಾಯಿ ನಿಂತಿತು. ಕೈ ನಿಲ್ಲಲಿಲ್ಲ. ಗೆರೆ ಮುಗಿಸಿತು, ಬಟ್ಟೆಗೆ ಒರೆಸಿಕೊಂಡಿತು, ಮತ್ತೆ ಮೇಲೆ ಹೋಯಿತು. ನೋಡುತ್ತಿದ್ದೆ, ಆದರೂ ಬೀಳಲಿಲ್ಲ. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಕೈಗೆ ಅದರ ಹಂಗೇ ಇಲ್ಲ! ಯಾರು ಕಲಿಸಿದರು ಇದಕ್ಕೆ? ಯಾವಾಗ ಕಲಿಯಿತು? ನನ್ನದೇ ತಲೆಯೊಳಗೆ ಇಷ್ಟು ದೊಡ್ಡ ಕೆಲಸ ನಡೆದಿದೆ, ನನಗೇ ಸುದ್ದಿಯಿಲ್ಲ. ಊರ ಸುದ್ದಿಯೆಲ್ಲ ಗೊತ್ತಿರುವವನಿಗೆ!

"ಯಾಕೋ ನಿಲ್ಸಿದೆ?" ಕಣ್ಣು ಮುಚ್ಚಿಕೊಂಡೇ ಕೇಳಿದರು ಅಪ್ಪ. "ಬಾಯಿ ಮುಚ್ಕೊಂಡು ಮಾಡೋ ಕೆಲಸ ಅಲ್ಲಪ್ಪ ನಮ್ದು. ಆಮೇಲೇನಾಯ್ತು? ಹೇಳು."

ಬೇಕೆಂದೇ ಜಗಳ ತೆಗೆದರೋ? ಕೇಳಲಿಲ್ಲ. ಹೇಳುವವರೂ ಅಲ್ಲ.

ಟವೆಲ್‌ನಿಂದ ಮುಖ ಒರೆಸಿದೆ. ಗಡ್ಡದ ಅಡಿಯಲ್ಲಿ ಅಪ್ಪನ ಮುಖ ಸಣ್ಣದಾಗಿಬಿಟ್ಟಿತ್ತು. ಅಂಗೈಯಿಂದ ಗಂಟಲು ಸವರಿ ನೋಡಿಕೊಂಡರು. ಸುಳಿಯ ಹತ್ತಿರ ಕೈ ನಿಂತಿತು. ಒಂದು ಕೂದಲೂ ಇಲ್ಲ.

"ಹ್ಞೂಂ," ಅಂದರು. "ಅಡ್ಡವೇ ಸರಿ."

ಜುಲೈ 13. ಬೆಳಿಗ್ಗೆ, ಅಂಗಡಿಯಲ್ಲಿ

ಡೈರಿ ಇಲ್ಲಿಗೇ ತಂದಿದ್ದೇನೆ, ಬಿಡುವಾದಾಗ ಬರೆಯೋಣ ಅಂತ. ಮೇಡಂಗೆ ಫೋನ್ ಮಾಡಿ ಹೇಳಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, ಈಗ ಫೋನ್ ಯಾವ ಕೈಯಲ್ಲಿದೆ ಅಂತ ಕೇಳಿದರು. ನೋಡಿದರೆ ಬಲಗೈ! ಎತ್ತಿ ಕಿವಿಗೆ ಇಟ್ಟುಕೊಂಡದ್ದು ಯಾವಾಗ ಅಂತ ನೆನಪೇ—

ತಾಳು. ಯಾರೋ ಬಂದರು. ಗಡ್ಡಕ್ಕೆ. ನನ್ನ ತಮ್ಮ ಬಿಳಿ ಬಟ್ಟೆ ಕೊಡವಿ, ನನ್ನ ಕುರ್ಚಿ ಈ ಕಡೆ ತಿರುಗಿಸಿ, "ಅಣ್ಣಾ, ಇವರಿಗೆ ನೀನೇ—