ಕಂಬಳಿ ಹೊದಿಸಿದ ಬುಟ್ಟಿಗಳು

ಅತ್ತೇ,

ಓದು ಬರದ ನಿಮಗೆ ಕಾಗದ ಬರೆಯುತ್ತಿದ್ದೇನೆ. ಬಸ್ಸಿನ ಬೋರ್ಡನ್ನೂ ನನ್ನಿಂದಲೇ ಓದಿಸುತ್ತಿದ್ದಿರಿ, ಇದನ್ನು ಅಲ್ಲಿ ಯಾರಿಂದ ಓದಿಸುತ್ತೀರೋ. ನನ್ನಿಂದ ಒಂದು ತಪ್ಪಾಗಿದೆ. ನಿಮ್ಮೆದುರು ನಿಂತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ.

ಬಬ್ಬೂರು ಫಾರಂನಲ್ಲಿ ಕೂಲಿ ಮುಗಿಸಿ ಬರುವಾಗ, ಕಸಕ್ಕೆ ಬಿಸಾಕಿದ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಿರಿ. ಹಿರಿಯೂರಿನ ಈ ಪಡುವಣ ಬಿಸಿಲಿನ ಜಗಲಿಯಲ್ಲಿ ಅವು ಬದುಕಿದ್ದೇ ನನಗೆ ಆಶ್ಚರ್ಯ. ಮೇಲೆ ಆರು ತಂತಿಬುಟ್ಟಿ, ಪ್ರತಿಯೊಂದರ ಕೆಳಗೂ ಮಣ್ಣು ತುಂಬಿದ ಎಣ್ಣೆ ಡಬ್ಬಿ. ಬುಟ್ಟಿಯಿಂದ ಸೋರಿದ ನೀರನ್ನು ಡಬ್ಬಿಯ ಗಿಡ ಕುಡಿಯಬೇಕು. ಬಾಗೂರಿನ ನಿಮ್ಮ ತಮ್ಮ ಕುರಿಗಳ ಉಣ್ಣೆ ಕತ್ತರಿಸಿದಾಗ ಉಳಿದ ಚೂರುಗಳನ್ನು ತೊಳೆದು ಬುಟ್ಟಿಯೊಳಗೆ ಹಾಸುತ್ತಿದ್ದಿರಿ, ತೇವ ಹಿಡಿದಿಟ್ಟುಕೊಳ್ಳಲಿ ಎಂದು. ನೀರು ಎಷ್ಟು ಹಾಕಬೇಕು ಎಂದು ನಾನು ಕೇಳಿದ್ದಕ್ಕೆ ನೀವು ಹೇಳಿದ್ದು ಇಷ್ಟೇ: "ಕೆಳಕ್ಕೆ ಹನಿ ಬಿತ್ತು ಅಂದ್ರೆ ಬುಟ್ಟಿ ಹೊಟ್ಟೆ ತುಂಬೈತೆ ಅಂತ. ಅಲ್ಲೀತನಕ ಹುಯ್ತಾ ಇರು."

ಕೊನೆಯ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡಿರಿ. ಮಗನನ್ನು ನೋಡಿಕೋ ಎನ್ನುತ್ತೀರಿ ಅಂದುಕೊಂಡೆ. ನೀವು ಕೇಳಿದ್ದು ಬೇರೆಯೇ. "ಈ ಬೇಸಿಗಿ ಒಂದು ದಾಟಿಸವ್ವ. ಆಮೇಲೆ ಅವೇ ಬದುಕ್ಕೊತಾವೆ." ಹೂಂ ಅಂದೆ. ಅದೇನು ದೊಡ್ಡ ಮಾತು ಅನ್ನಿಸಿತ್ತು...

ಮದುವೆಯ ಕಾಲ ಶುರುವಾಯಿತಲ್ಲ, ಹೊಲಿಗೆ ಮಷೀನಿನ ಮುಂದೆ ರವಿಕೆಗಳ ರಾಶಿ. ಬೀದಿಯ ನಲ್ಲಿ ಬಂದ ದಿನ ಬಂತು, ಇಲ್ಲದ ದಿನ ಬೋರಿನ ಹತ್ತಿರ ಹೋಗಿ ಕೊಡ ಹೊತ್ತು ತರಬೇಕು. ಸೊಂಟ ಬಿದ್ದುಹೋಗಿದೆ ಅತ್ತೆ. ಎಷ್ಟೋ ಸಲ ಸ್ಟೂಲು ಹತ್ತಿ ನೀರು ಹಾಕುವಾಗ ನಿಮ್ಮನ್ನು ಬೈದುಕೊಂಡಿದ್ದೇನೆ. ಒಂದು ದಿನ ಎಲ್ಲವನ್ನೂ ಇಳಿಸಿ ಪಕ್ಕದ ಮನೆಯವರಿಗೆ ಕೊಟ್ಟುಬಿಡೋಣ ಅನ್ನಿಸಿತ್ತು. ಕೊಟ್ಟಿದ್ದರೇ ಚೆನ್ನಾಗಿತ್ತೇನೋ.

ಯುಗಾದಿ ಕಳೆದ ಮೇಲೆ ಬುಟ್ಟಿಗಳ ಹಳೆಯ ಉಣ್ಣೆ ಉದುರತೊಡಗಿತು. ಬಾಗೂರಿನಿಂದ ಹೊಸದು ಬಂದಿರಲಿಲ್ಲ. ನಿಮ್ಮ ಟ್ರಂಕು ತೆಗೆದೆ. ನೀವು ನೇಯಿಸಿಟ್ಟು, ಒಂದು ದಿನವೂ ಹೊದೆಯದ ಆ ಕರಿ ಕಂಬಳಿ ಇತ್ತಲ್ಲ, ಅದನ್ನು ಕತ್ತರಿಸಿದೆ. ಉಣ್ಣೆ ಉಣ್ಣೆಯೇ ತಾನೆ ಅಂದುಕೊಂಡೆ. ಬುಟ್ಟಿಯೊಳಗೆ ಹಾಸಿದ್ದಲ್ಲದೆ, ಬಿಸಿಲು ತಾಗದಿರಲಿ ಎಂದು ಗಿಡದ ಬುಡದ ಸುತ್ತ ಮೇಲೆಯೂ ಹೊದಿಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಒಂದು ಚೊಂಬು ಹಾಕುವಷ್ಟರಲ್ಲೇ ಹನಿ ಬೀಳುತ್ತಿತ್ತು. ಹೊಟ್ಟೆ ತುಂಬಿತು ಎಂದು ಇಳಿಯುತ್ತಿದ್ದೆ. ಎಲೆ ಬಾಡಿದಾಗ ಇನ್ನೊಂದು ಚೊಂಬು. ಮತ್ತೆ ಹನಿ. ಕೆಳಗಿನ ಡಬ್ಬಿಗಳ ಗಿಡಗಳು ಕೊಳೆತವು, ಮೇಲಿನ ಬುಟ್ಟಿಗಳವು ಒಣಗಿದವು. ಕೊನೆಗೊಂದು ಮಧ್ಯಾಹ್ನ ಬುಟ್ಟಿ ಇಳಿಸಲು ಹೋದರೆ ಹೂವಿನಷ್ಟು ಹಗುರ. ಕಂಬಳಿಯ ಕೆಳಗೆ ಬೆರಳಿಟ್ಟೆ. ಬರೀ ಧೂಳು. ಆಗ ಹೊಳೆಯಿತು: ನಮ್ಮ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುವುದೇ ಮಳೆಯ ನೀರು ಒಳಗಿಳಿಯದೆ ಜಾರಿ ಹೋಗಲಿ ಎಂದಲ್ಲವೇ? ಹಾಕಿದ ನೀರೆಲ್ಲ ಅಂಚಿನಿಂದ ಜಾರಿ ಕೆಳಗೆ ಸುರಿದಿತ್ತು. ತಲೆಯಿಂದ ಇಳಿಬಿಟ್ಟ ಅಂಥ ಕಂಬಳಿಯ ಕೊಪ್ಪೆಯೊಳಗೆ ಅಪ್ಪನ ಜೊತೆ ಮಳೆಯಲ್ಲಿ ಕುರಿ ಕಾದವಳು ನಾನು, ನನಗೇ ನೆನಪಾಗಲಿಲ್ಲ.

ನಾಲ್ಕು ಬುಟ್ಟಿ ಹೋದವು; ಉಳಿದೆರಡರ ಮೇಲಿನ ಹೊದಿಕೆಯನ್ನಷ್ಟು ಸರಿಸಿ, ಬುಡಕ್ಕೇ ನೀರು ಹಾಕುತ್ತಾ ಬಂದೆ. ನಿಮ್ಮ ಮಗನಿಗೆ ಬಿಸಿಲಿಗೆ ಸುಟ್ಟುಹೋದವು ಎಂದು ಸುಳ್ಳು ಹೇಳಿದೆ. ಗ್ಯಾರೇಜಿನಿಂದ ಬಂದ ಮನುಷ್ಯ ಕೈ ತೊಳೆಯುತ್ತಾ, ಬಿಸಿಲಿಗೆ ಯಾರೇನು ಮಾಡಲಾಗುತ್ತದೆ ಎಂದು ನನ್ನನ್ನೇ ಸಮಾಧಾನ ಮಾಡಿದರು. ಆ ಸಮಾಧಾನ ಒಂದು ವಾರ ಅನ್ನ ಸೇರಗೊಡಲಿಲ್ಲ.

ನಿನ್ನೆ ಭಾನುವಾರ, ಉಳಿದ ಎರಡು ಬುಟ್ಟಿಗಳನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಕಂಬಳಿ ಕತ್ತರಿಸಿದ್ದನ್ನೂ. ಬೈಯುತ್ತಾರೆ ಎಂದು ಕಾದೆ. ಅವರು ಕಂಬಳಿಯ ಚೂರುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದರು. "ಗಂಜಿ ಹೋಗಾಂಗೆ ತೊಳ್ಯಾಣ, ಆಗ ನೀರು ಕುಡಿತೈತೆ" ಎಂದು ಬಚ್ಚಲಿಗೆ ಒಯ್ದು, ಬಿಸಿನೀರು ಹುಯ್ದು ಕಲ್ಲಿನ ಮೇಲೆ ಉಜ್ಜತೊಡಗಿದರು. ಸ್ವಲ್ಪ ಹೊತ್ತಿಗೆ ಉಜ್ಜುವ ಸದ್ದು ನಿಂತಿತು.

ನಿಮ್ಮನ್ನು ಮಣ್ಣು ಮಾಡಿದ ದಿನ ನಿಮ್ಮ ಮಗ ಅಳಲಿಲ್ಲ ಅತ್ತೆ. ಹನ್ನೊಂದನೆಯ ದಿನವೂ ಇಲ್ಲ. ಕಲ್ಲು ಮನಸ್ಸು ಎಂದು ನೆಂಟರು ಆಡಿಕೊಂಡರು, ನಾನೂ ನಂಬಿದ್ದೆ. ನಿನ್ನೆ ಆ ಒದ್ದೆ ಚೂರುಗಳನ್ನು ಎದೆಗೊತ್ತಿಕೊಂಡು, ಅವ್ವಾ ಅವ್ವಾ ಎಂದು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಹೋಗಿ ಪಕ್ಕದಲ್ಲಿ ಕುಳಿತು, ಉಳಿದ ಚೂರುಗಳನ್ನು ಉಜ್ಜಿದೆ.

ನಿಮ್ಮ ಸೊಸೆ